ನೋಡುವ ಗೆಣಸು

ಬಸ್ ಡ್ರೈವರನ ಎಡಗೆನ್ನೆಯ ಕ್ಷೌರ ಮುಗಿದಿತ್ತು. ಬಲಗೆನ್ನೆಯ ನೊರೆ ಹಾಗೇ ಇತ್ತು. ಅಣ್ಣ ಕ್ಷೌರದ ಕತ್ತಿ ಹಿಡಿದುಕೊಂಡೇ ಮತ್ತೆ ಕಿಟಕಿಯ ಹತ್ತಿರ ಹೋದ. ರಸ್ತೆಯಾಚೆ ತಮ್ಮನ ಸಲೂನು. ಅದರ ಗಾಜಿನ ಹಿಂದೆ ಖಾಲಿ ಲೋಷನ್ ಸೀಸೆಗಳ ಸಾಲು. ಒಂದೊಂದು ಸೀಸೆಯ ನೀರಿನಲ್ಲೂ ಒಂದೊಂದು ಗೆಣಸಿನ ಕುಡಿ ನಿಂತಿತ್ತು. ಹೊರಗೆ ಹಲ್ಲು ಕಟಕಟಿಸುವ ಚಳಿ. ಅಲ್ಲಿ ಮಾತ್ರ ಆ ಕಪ್ಪು ಎಲೆಗಳು ಎಣ್ಣೆ ಸವರಿದಂತೆ ಮಿರಮಿರ ಮಿಂಚುತ್ತಿದ್ದವು.

"ಅಲ್ಲೇನು ಸಿನಿಮಾ ಓಡ್ತಿದೆಯಾ?" ಎಂದ ಡ್ರೈವರ್. "ಕತ್ತಿ ಕೈಲಿದೆ, ಕಣ್ಣು ರಸ್ತೇಲಿದೆ. ನಾನು ಹೀಗೆ ಬಸ್ ಓಡಿಸಿದ್ರೆ ನೀವು ಸುಮ್ನಿರ್ತೀರಾ?"

"ಗಾಜು ಮಸುಕಾಗಿತ್ತು, ಒರೆಸ್ತಿದ್ದೆ."

"ಬೆಳಗಿಂದ ಒರೆಸ್ತಾನೇ ಇದೀರಿ. ಸವೆದು ಹೋದೀತು."

ಅಪ್ಪನ ಅಂಗಡಿ ಕಳೆದ ಬೇಸಿಗೆಯಲ್ಲಿ ಇಬ್ಭಾಗವಾಗಿತ್ತು. ಕುರ್ಚಿ, ಕನ್ನಡಿ, ಬಾಚಣಿಗೆವರೆಗೆ ಎಲ್ಲ ಪಾಲಾಗಿ ಕೊನೆಗೆ ಉಳಿದದ್ದು ಬಾಗಿಲ ಬಳಿಯ ಕುಂಡ. ಅದರಲ್ಲಿದ್ದದ್ದು ತಿನ್ನುವ ಗೆಣಸಲ್ಲ, ಎಲೆಯ ಅಂದಕ್ಕೆ ಬೆಳೆಸುವ ಬಳ್ಳಿ, ನೋಡುವ ಗೆಣಸು. ಜನ ಅಂಗಡಿಯನ್ನು 'ಕಪ್ಪು ಬಳ್ಳಿ ಸಲೂನು' ಎಂದೇ ಗುರುತು ಹೇಳುತ್ತಿದ್ದರು. "ಬುಡ ನನಗೆ, ತುದಿ ನಿನಗೆ" ಎಂದು ಅಣ್ಣ ತೀರ್ಪು ಕೊಟ್ಟ. ತಮ್ಮ ತಲೆಗೂದಲಿನ ಕತ್ತರಿಯಿಂದಲೇ ಗಿಣ್ಣಿನ ಕೆಳಗೆ ನಾಲ್ಕು ಕುಡಿ ಕತ್ತರಿಸಿಕೊಂಡು ರಸ್ತೆ ದಾಟಿದ. ಅಲ್ಲಿಂದ ಮಾತು ನಿಂತಿತು. ಮಾತಿಲ್ಲದೆ ಬದುಕಬಹುದು, ಆದರೆ ಚಿಕ್ಕಂದಿನಿಂದ ಒಬ್ಬರ ಕೂದಲು ಒಬ್ಬರು ಕತ್ತರಿಸಿಕೊಂಡು ಬಂದವರು ಅವರು. ತನ್ನ ಹಿಂದಲೆಯ ಕೂದಲನ್ನು ತಾನೇ ಕತ್ತರಿಸಿಕೊಳ್ಳುವುದು ಎಂಥ ಕೈಗೂ ಆಗದ ಕೆಲಸ. ಅಣ್ಣನ ಹಿಂದಲೆ ಈಗ ದನ ಮೇಯ್ದು ಬಿಟ್ಟ ಹೊಲದ ಹಾಗಿತ್ತು.

ಅವನು ಕುಂಡವನ್ನು ಚಳಿಗೆ ಒಳಗೆ ತರಲಿಲ್ಲ. ಬುಡ ಗಟ್ಟಿ ಇದೆ ಎಂಬ ಧೈರ್ಯ. ನೀರು ಹೆಪ್ಪುಗಟ್ಟಿದ ಒಂದು ರಾತ್ರಿ ಬಳ್ಳಿ ಸತ್ತಿತು. ಮೊದಲೇ ಕಪ್ಪು ಎಲೆ, ಸತ್ತದ್ದು ಗೊತ್ತೇ ಆಗಲಿಲ್ಲ. ಮುಟ್ಟಿದಾಗ ಬೆರಳಿಗೆ ಲೋಳೆ ಅಂಟಿತು. ಯಾರೂ ಇಲ್ಲದ ಹೊತ್ತು ನೋಡಿ ಕುಂಡದಲ್ಲಿದ್ದದ್ದನ್ನೆಲ್ಲ ಬೀದಿ ತುದಿಯ ಕಸದ ತೊಟ್ಟಿಗೆ ಸುರಿದು ಬಂದ. ಬೇಸಿಗೆ ಬರುವ ಹೊತ್ತಿಗೆ ತನ್ನ ಕುಂಡ ಬೋಳಾಗಿ, ಎದುರಿನ ಕುಂಡ ತುಂಬಿ ಸುರಿದರೆ? 'ಕಪ್ಪು ಬಳ್ಳಿ ಎಲ್ಲಿ' ಎಂದವರಿಗೆ ಬೀದಿಯವರು ಆಚೆಗೇ ಕೈ ತೋರಿಸುತ್ತಾರೆ. ಈಗಲೇ ಬರುವವರು ಬೆರಳೆಣಿಕೆ.

"ಎರಡು ನಿಮಿಷ" ಎಂದು ಕತ್ತಿ ಮಡಚಿಟ್ಟು ಹೊರಟೇಬಿಟ್ಟ. "ಅಯ್ಯೋ, ನನ್ನ ಗಡ್ಡ?" ಎಂಬ ಮಾತು ಬಾಗಿಲಿನ ಹಿಂದೆ ಉಳಿಯಿತು.

ತಮ್ಮ ನೆಲ ಗುಡಿಸುತ್ತಿದ್ದ. ಅಣ್ಣನನ್ನು ಕನ್ನಡಿಯಲ್ಲೇ ನೋಡಿದ.

"ಬಾಗ್ಲು ಹಾಕಣ್ಣ, ಚಳಿ ಬರುತ್ತೆ. ಎಲೆಗೆ ಆಗಲ್ಲ."

ನಿನ್ನೆಯಷ್ಟೇ ಬಂದು ಹೋದವನಿಗೆ ಹೇಳಿದಂತೆ ಇತ್ತು. ಜಗಳಕ್ಕೆ ಸಜ್ಜಾಗಿ ಬಂದಿದ್ದ ಅಣ್ಣ ಬಾಗಿಲು ಹಾಕಿದ.

"ಒಂದು ಕುಡಿ ಬೇಕಿತ್ತು."

"ಬುಡಾನೇ ನಿನ್ನ ಹತ್ರ ಇದೆಯಲ್ಲ."

"ಇದೆ, ಯಾರು ಇಲ್ಲ ಅಂದ್ರು? ಹಿಂದಿನ ರೂಮಲ್ಲಿ ಬೆಚ್ಚಗಿಟ್ಟಿದೀನಿ. ಇನ್ನೊಂದು ಕುಂಡ ಮಾಡೋಣ ಅಂತ."

"ಚೆನ್ನಾಗಿದೆಯಾ?"

"ಗುಂಡುಕಲ್ಲು ಇದ್ದ ಹಾಗಿದೆ."

ತಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದ. ನೀರು ಕಾಯಿಸುವ ಬಾಯ್ಲರಿನ ಪಕ್ಕದಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದ. ಡಬ್ಬದ ತುಂಬ ಕತ್ತರಿಸಿದ ಕೂದಲು. ಬೆರಳಿಂದ ಸರಿಸಿದ. ಒಳಗೆ ಒಂದು ಗೆಡ್ಡೆ, ಮಡಚಿದ ಹೆಬ್ಬೆಟ್ಟಿನ ಹಾಗೆ ಸೊಟ್ಟಗೆ. ಅದರ ನೆತ್ತಿಯ ಮೇಲೆ ಅಕ್ಕಿಕಾಳಿನಷ್ಟು ನೇರಳೆ ಮೊಳಕೆಗಳು.

"ನಿನ್ನ ಗುಂಡುಕಲ್ಲು" ಎಂದ ತಮ್ಮ. "ತೊಟ್ಟೀಲಿತ್ತು. ನೀನು ಸುರಿಯೋದನ್ನ ಇಲ್ಲಿಂದಾನೇ ನೋಡ್ದೆ. ಮೇಲಷ್ಟೇ ಕೊಳೆತಿತ್ತು. ಇದಕ್ಕೆ ತೇವಾನೂ ಆಗಲ್ಲ, ಚಳೀನೂ ಆಗಲ್ಲ. ಮರದ ಹೊಟ್ಟು ಸಿಗಲಿಲ್ಲ, ಕೂದಲಲ್ಲಿ ಹೂತಿಟ್ಟೆ."

ಅಣ್ಣ ಇಂಗು ತಿಂದ ಮಂಗನಂತೆ ನಿಂತ.

"ಇಷ್ಟೊಂದು ಕೂದಲು ಎಲ್ಲಿಂದ ಬಂತೋ ನಿಂಗೆ?"

"ಯಾಕೆ, ಅರ್ಧ ನಿನ್ನ ಗಿರಾಕಿಗಳದ್ದೇ."

ತಮ್ಮನ ಮುಖದಲ್ಲಿ ನಗುವಿರಲಿಲ್ಲ. ಅಣ್ಣ ಬಗ್ಗಿ ನೋಡಿದ. ಆ ಗುಂಗುರು ಬಿಳಿ ಔಷಧಿ ಅಂಗಡಿಯವನದು. ಈ ಕೆಂಚು ಪೋಸ್ಟ್‌ಮ್ಯಾನನದು, ಊರು ಬಿಟ್ಟನೇನೋ ಅಂದುಕೊಂಡಿದ್ದ. ಒಂದೊಂದೇ ತಲೆಯ ಗುರುತು ಹತ್ತಿತು. ಅವನ ಕೈ ತಾನಾಗಿ ತನ್ನ ಹಿಂದಲೆಗೆ ಹೋಯಿತು. ಡಬ್ಬ ಕೆಳಗಿಡಲು ತಿರುಗಿದ ತಮ್ಮನ ಹಿಂದಲೆಯೂ ಕಂಡಿತು. ಅಲ್ಲೂ ಕೂದಲು ಮೆಟ್ಟಿಲು ಮೆಟ್ಟಿಲು.

"ಹಾಗಾದ್ರೆ ನಂದೂ ಸೇರಿಸ್ಕೋ" ಎನ್ನುತ್ತ ಅಣ್ಣ ಕುರ್ಚಿಯಲ್ಲಿ ಕೂತ. "ಬೇಗ ಮಾಡು. ಅಲ್ಲೊಬ್ಬ ಅರ್ಧ ಗಡ್ಡದಲ್ಲಿ ಕೂತಿದಾನೆ."

ತಮ್ಮ ಬಟ್ಟೆ ಹೊದಿಸಿ, ಕುತ್ತಿಗೆಯ ಹಿಂದೆ ಗಂಟು ಬಿಗಿದು, ಕತ್ತರಿ ಎತ್ತಿಕೊಂಡ. "ಅಲ್ಲಾಡಬೇಡ" ಎಂದ.

ಎದುರಿನ ಕನ್ನಡಿಯಲ್ಲಿ ಬೆನ್ನ ಹಿಂದಿನ ರಸ್ತೆಯೆಲ್ಲ ಕಾಣುತ್ತಿತ್ತು. ಅಣ್ಣನ ಅಂಗಡಿಯ ಮೆಟ್ಟಿಲ ಮೇಲೆ ಡ್ರೈವರ್ ಬಂದು ನಿಂತಿದ್ದ. ಹೆಗಲಲ್ಲಿ ಟವೆಲ್, ಒಂದು ಕೆನ್ನೆ ಬೆಳ್ಳಗೆ. ರಸ್ತೆ ದಾಟಲು ಎಡಕ್ಕೂ ಬಲಕ್ಕೂ ನೋಡುತ್ತಿದ್ದ.