ಎದ್ದು ಬಂದ ಗಳಿಗೆ

“ಕುರ್ಚಿ ಬಿಟ್ಟು ಏಳ್ಬಾರ್ದು! ನೀವು ಡಿಜಿಟಲ್ ಅರೆಸ್ಟ್‌ನಲ್ಲಿದೀರಿ,” ಎಂದು ಮೊಬೈಲಿನ ವಿಡಿಯೋ ಕರೆಯಲ್ಲಿದ್ದ ಖಾಕಿಯವನು ಗದರುತ್ತಿದ್ದಾಗಲೇ ಬಾಗಿಲ ಬೆಲ್ ಸದ್ದಾಯಿತು. ಸದಾಶಿವನಗರದ ಮನೆಯಲ್ಲಿ ಹೊಲಿಗೆ ಅರ್ಧಕ್ಕೆ ಬಿಟ್ಟು ಕೂತಿದ್ದ ಫಾತಿಮುನ್ನೀಸಾ ಕಿಟಕಿಯತ್ತ ನೋಡಿದರು. ಅಲ್ಲೂ ಖಾಕಿ. ಹಿಡಿದುಕೊಂಡು ಹೋಗಲು ಬಂದೇಬಿಟ್ಟರು ಎಂದುಕೊಂಡರು.

“ಅಮ್ಮಾ, ನಾನು ಬೀಟ್ ಪೊಲೀಸ್ ಪ್ರೇಮಲತಾ. ಚೆನ್ನಾಗಿದೀರಾ?”

ವಾರಕ್ಕೊಮ್ಮೆ ಮನೆಮನೆಗೂ ಬಂದು ವಿಚಾರಿಸಿಕೊಂಡು ಹೋಗುವ ಹುಡುಗಿ. ಹಿಡಿಯಲು ಬಂದವಳು ಕ್ಷೇಮ ಕೇಳುತ್ತಾಳೆಯೇ? “ಎದ್ರೆ ನಿಮ್ಮ ಮಗ ನಾಸಿರ್‌ನೂ ಒಳಗೆ ಹಾಕ್ತೀವಿ,” ಎಂದು ಫೋನಿನವನು ಅರಚಿದ. ಫಾತಿಮುನ್ನೀಸಾ ಒಂದು ಕ್ಷಣ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದರು. ಆಮೇಲೆ ಎದ್ದೇಬಿಟ್ಟರು. ಬಾಗಿಲು ತೆಗೆದು, ಫೋನನ್ನು ಅವಳ ಕೈಗಿತ್ತರು.

“ಸಾರ್, ಈ ಏರಿಯಾ ಪೊಲೀಸ್ ನಾನು. ನಿಮ್ದು ಯಾವ ಸ್ಟೇಷನ್?” ಎಂದು ಪ್ರೇಮಲತಾ ಕೇಳಿದ್ದೇ ತಡ, ಕರೆ ಕಟ್ಟಾಯಿತು. “ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲಮ್ಮ. ಅವ್ನು ಹೀಗೆ ಹೆದರಿಸಿ ದುಡ್ಡು ಕೀಳೋ ಕಳ್ಳ. ನೀವು ಎದ್ದು ಬಂದಿದ್ದೇ ಒಳ್ಳೇದಾಯ್ತು.”

ಫಾತಿಮುನ್ನೀಸಾಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗೇಟಿನವರೆಗೆ ನಡೆದು, ಎದುರುಮನೆಗೆ ಕೇಳುವಂತೆ ಕೂಗಿದರು: “ಗಂಗಮ್ಮೋರೇ, ಬನ್ನಿ ಇಲ್ಲಿ! ಪೊಲೀಸು ಅಂತ ಹೇಳ್ಕೊಂಡು ಫೋನ್ ಬಂದ್ರೆ ಏನ್ ಮಾಡ್ಬೇಕು, ನಾನ್ ಹೇಳ್ಕೊಡ್ತೀನಿ!”