ಗೋಪೂಜೆಯ ಹಾರ

ಮಂಗಳಾರತಿ ತಟ್ಟೆ ಹಿಡಿದು ದಾಕ್ಷಾಯಣಿ ಹಿತ್ತಲಿಗೆ ಬಂದಾಗ ಲಾಮಾದ ಕೊರಳಲ್ಲಿ ಹಾರ ಇರಲಿಲ್ಲ. ಬಾಯಿಂದ ಬಿಳಿ ದಾರವೊಂದು ಜೋತಾಡುತ್ತಿತ್ತು.

ಪಕ್ಕದ ಮನೆಯ ಕ್ಯಾರಲ್ ಊರಿಗೆ ಹೋಗುವಾಗ ತಾನು ಸಾಕಿದ್ದ, ಒಂಟೆ ಜಾತಿಯ ಆ ಉಣ್ಣೆಮೈ ಪ್ರಾಣಿಯನ್ನು ಇವರಿಗೆ ಒಪ್ಪಿಸಿದ್ದಳು. ಹುಲ್ಲು, ನೀರು, ನೆರಳು ಇದ್ದರೆ ಸಾಕು ಅಂದಿದ್ದಳು. ಇವತ್ತು ಬಲಿಪಾಡ್ಯಮಿ. ಈ ಪರದೇಶದ ಪ್ರಾಸ್ಪರ್ ಊರಿನಲ್ಲಿ ಗೋಪೂಜೆಗೆ ಯಾರ ಹಸುವನ್ನು ಕೇಳುವುದು? ಇದೂ ಹುಲ್ಲು ಮೇಯುವ ಜೀವವೇ ತಾನೆ ಎಂದು ದಾಕ್ಷಾಯಣಿ ಬೇಲಿಯಂಚಿನ ಕಣಗಿಲೆಯನ್ನು ಎಲೆಸಮೇತ ಕಟ್ಟಿ ತೊಡಿಸಿದ್ದಳು. ಅದರ ಬೇರು, ಬೀಜ ವಿಷವೆಂದು ಅವಳಿಗೆ ಗೊತ್ತಿತ್ತು. ದೇವರಿಗೇರುವ ಹೂವಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

"ರೀ, ಕಣಗಿಲೆ ಹಾರ ತಿಂದುಬಿಟ್ಟಿದೆ."

ಗಂಡ ಮಹಾಬಲೇಶ್ವರ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದ. ಕೇಳುತ್ತಾ ಕೇಳುತ್ತಾ ಅವನ ದನಿ ಇಳಿಯಿತು. "ನಾಲ್ಕು ಎಲೆ ಸಾಕಂತೆ ಕಣೇ, ಹೃದಯ ನಿಂತುಹೋಗೋಕೆ. ಡಾಕ್ಟ್ರು ಹೊರಟಿದಾರೆ. ಎಷ್ಟು ತಿಂದಿದೆ ನೋಡು."

ಅವಳು ದಾರ ಹಿಡಿದು ಮೆಲ್ಲಗೆ ಎಳೆದಳು. ಒದ್ದೆ ದಾರ ಒಂದೊಂದೇ ಗಂಟಾಗಿ ಹೊರಬಂತು. ಯಾವ ಗಂಟಿನಲ್ಲೂ ಹೂವಿರಲಿಲ್ಲ, ಎಲೆಯಿರಲಿಲ್ಲ.

"ನಿಂತ್ಕೊಂಡಿದೆ ತಾನೆ?" ಫೋನ್ ಹಿಡಿದೇ ಗಂಡ ಕೇಳಿದ.

ಅವಳು ಇಟ್ಟ ಕುಂಕುಮದ ಕೆಳಗಿಂದ ಎರಡು ದೊಡ್ಡ ಕಣ್ಣು ಅವಳನ್ನೇ ನೋಡುತ್ತಿದ್ದವು. ನಮಸ್ಕಾರ ಮಾಡುವವರಂತೆ ಲಾಮಾ ಮೆಲ್ಲಗೆ ಮುಂಗಾಲು ಮಡಚಿತು.