ಸೊಟ್ಟ ಬೆಸುಗೆ

"ಸೊಳ್ಳೆಯ ಮುರಿದ ಕಾಲಿಗೂ ಬೆಸುಗೆ ಹಾಕಿದವನಮ್ಮ ನಾನು. ಹಾರಿಹೋಗೋ ಮುಂಚೆ ಅದು ನನಗೆ ಕೈಮುಗೀತು," ಎಂದು ವೆಲ್ಡಿಂಗ್ ಮೇಷ್ಟ್ರು ಕೊಚ್ಚಿಕೊಂಡರು. ಕಲಿಕೆಯಲ್ಲಿ ಹಿಂದೆ ಬಿದ್ದವರಿಗೆಂದು ಅವರು ನಡೆಸುವ ಸಂಜೆಪಾಠಕ್ಕೆ ಉಳಿದಿದ್ದವಳು ನಡುವಯಸ್ಸಿನ ಹೆಂಗಸೊಬ್ಬಳು ಮಾತ್ರ. ಮೇಷ್ಟ್ರು ಒಪ್ಪಿದರಷ್ಟೇ ಅವಳು ಪರೀಕ್ಷೆಗೆ ಕೂರಬಹುದಿತ್ತು.

ಅವಳು ಒಂದು ಕಬ್ಬಿಣದ ತುಂಡನ್ನು ಮುಂದಿಟ್ಟಳು. ಮೇಷ್ಟ್ರು ಕನ್ನಡಕ ಏರಿಸಿ, ಬೆಸುಗೆಯ ಮೇಲೆ ಬೆರಳಾಡಿಸಿ, ಲೋಕದ ಕಬ್ಬಿಣವೆಲ್ಲ ಹಾಳಾಯಿತೆಂಬಂತೆ ನಿಟ್ಟುಸಿರಿಟ್ಟರು. "ಇದೇನಮ್ಮ, ಅಮಲೇರಿದ ಎರೆಹುಳ ಹರಿದ ಹಾಗಿದೆ. ಇನ್ನೂ ಒಂದಷ್ಟು ದಿನ ಸಂಜೆ ಬರಬೇಕಾಗುತ್ತೆ."

"ತಿರುಗಿಸಿ ನೋಡಿ ಸಾರ್."

ತಿರುಗಿಸಿದರು. ಹಿಂಬದಿಯಲ್ಲಿ ಅವರದೇ ಹೆಸರಿನ ಮುದ್ರೆಯಿತ್ತು. ಎಲ್ಲರೂ ನೋಡಿ ಕಲಿಯಲೆಂದು ಅವರೇ ಬೆಸೆದು ಗೋಡೆಗೆ ತೂಗುಹಾಕಿದ್ದ ಮಾದರಿ ಅದು.

"ನಿಜ ಹೇಳಿ, ನನ್ನ ಬೆಸುಗೆ ಯಾವತ್ತಿಂದ ಸರಿಯಾಗಿದೆ ಸಾರ್?"

ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಬೆಟ್ಟದಷ್ಟು ಸುಳ್ಳುಗಳು ಸಿದ್ಧವಾಗಿದ್ದವು. ಒಂದೂ ಹೊರಬರಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋದ ತಿಂಗಳಿಂದಲೇ ಕಣಮ್ಮ. ನೀನು ಪಾಸಾಗಿ ಹೋದರೆ ಸಂಜೆ ನಾನು ಮನೆಗೆ ಹೋಗಬೇಕಾಗುತ್ತೆ. ಅಲ್ಲಿ 'ಬಂದ್ರಾ' ಅನ್ನೋಕೂ ಯಾರೂ ಇಲ್ಲ."